ಬಿಎಸ್‌-6 ಲಾರಿಯ ಹೊಗೆ ವ್ಯವಸ್ಥೆ ಕೈಕೊಟ್ಟಾಗ: ದೋಷ ಹುಡುಕುವ ಕ್ರಮ, ವಾರಂಟಿ ಉಳಿಸಿಕೊಳ್ಳುವ ದಾರಿ

ಎಂಜಿನ್ ದೀಪ ಹೊತ್ತಿಕೊಂಡ ಬಿಎಸ್‌-6 ಲಾರಿಗೆ ಮೊದಲು ಬೇಕಾದದ್ದು ರಿಪೇರಿಯಲ್ಲ, ದಾಖಲೆ. ಈ ಮಾತನ್ನು ಒತ್ತಿ ಹೇಳಲು ಕಾರಣವಿದೆ. ಸಂಡೂರು, ತೋರಣಗಲ್ಲು ಕಡೆಯ ಅದಿರು ಟಿಪ್ಪರ್, ಗಂಗಾವತಿ, ಕಾರಟಗಿಯಿಂದ ಅಕ್ಕಿ ಹೇರಿಕೊಂಡು ಹೊರಡುವ ಲಾರಿ, ಶಕ್ತಿನಗರದ ಹಾರುಬೂದಿ ಸಾಗಿಸುವ ಬಲ್ಕರ್ ಯಾವುದೇ ಇರಲಿ, ಕಥೆ ಹೆಚ್ಚುಕಡಿಮೆ ಒಂದೇ. ದೀಪ ಹೊತ್ತುತ್ತದೆ, ರಸ್ತೆಬದಿಯಲ್ಲಿ ಯಾರೋ ಸ್ಕ್ಯಾನರ್ ಹಾಕಿ ಕೋಡ್ ಅಳಿಸುತ್ತಾರೆ, ದೀಪ ಮತ್ತೆ ಹೊತ್ತುತ್ತದೆ. ಸೆನ್ಸರ್ ಬದಲಾಗುತ್ತದೆ, ದೋಷ ಉಳಿಯುತ್ತದೆ. ಕೊನೆಗೆ ಸರ್ವೀಸ್ ಸೆಂಟರ್‌ಗೆ ಹೋದಾಗ ವಾರಂಟಿ ಕೇಳಲು ಮಾಲೀಕರ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಲಾರಿ ನಿಂತಿರುತ್ತದೆ, ಫೈನಾನ್ಸ್ ಕಂತು ಮಾತ್ರ ನಿಲ್ಲುವುದಿಲ್ಲ. ದೋಷ ಹುಡುಕಲು ಬೇಕಾದ ಮಾಹಿತಿಯೇ ವಾರಂಟಿ ಗೆಲ್ಲಲು ಬೇಕಾದ ಪುರಾವೆಯೂ ಹೌದು. ಎರಡನ್ನೂ ಒಟ್ಟಿಗೆ ಮಾಡಿಕೊಳ್ಳುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

2020ರ ಏಪ್ರಿಲ್ 1ರಿಂದ ಮಾರಾಟವಾಗುವ ಹೊಸ ಡೀಸೆಲ್ ವಾಹನಗಳು ಬಿಎಸ್‌-6 ಎಂಬ ಹೊಗೆ ಮಾನದಂಡದ ಮಟ್ಟ ತಲುಪಲೇಬೇಕು. 2023ರ ಏಪ್ರಿಲ್‌ನಿಂದ ಅದರ ಎರಡನೇ ಹಂತ ಬಂದು, ಹೊಗೆ ಭಾಗಗಳ ಮೇಲೆ ಎಂಜಿನ್ ಕಂಪ್ಯೂಟರ್ ಇಡುವ ನಿಗಾ ಇನ್ನಷ್ಟು ಬಿಗಿಯಾಯಿತು. ಹೊಗೆ ಸಾಗುವ ದಾರಿ ಸಾಮಾನ್ಯವಾಗಿ ಹೀಗಿರುತ್ತದೆ: ಟರ್ಬೊ ದಾಟಿದ ಹೊಗೆ ಮೊದಲು ಡಿಒಸಿ ಎಂಬ ಉತ್ಕರ್ಷಣ ವೇಗವರ್ಧಕ ಡಬ್ಬಿಗೆ ಹೋಗುತ್ತದೆ, ನಂತರ ಮಸಿ ಹಿಡಿಯುವ ಡಿಪಿಎಫ್, ಅದನ್ನು ದಾಟಿದ ಮೇಲೆ ಯೂರಿಯಾ ದ್ರವ ಸಿಂಪಡಿಸುವ ಇಂಜೆಕ್ಟರ್, ಆಮೇಲೆ ನೈಟ್ರೋಜನ್ ಆಕ್ಸೈಡ್‌ಗಳನ್ನು ಸಾರಜನಕ ಮತ್ತು ನೀರಾಗಿಸುವ ಎಸ್‌ಸಿಆರ್. ಎಸ್‌ಸಿಆರ್‌ನ ಎರಡು ಬದಿಗೂ ಒಂದೊಂದು ನಾಕ್ಸ್ ಸೆನ್ಸರ್, ಅಂದರೆ ನೈಟ್ರೋಜನ್ ಆಕ್ಸೈಡ್ ಅಳೆಯುವ ಸೆನ್ಸರ್; ಹೊಗೆ ಒಳಹೋಗುವ ಕಡೆಯದು ಮುಂಬದಿಯದು, ಹೊರಬರುವ ಕಡೆಯದು ಹಿಂಬದಿಯದು. ನಿಮ್ಮ ಲಾರಿಯಲ್ಲಿ ಇವು ಎಲ್ಲೆಲ್ಲಿವೆ ಎಂದು ಚಾಸಿಯ ಕೆಳಗೆ ಬಾಗಿ ಒಮ್ಮೆ ನೋಡಿಕೊಳ್ಳಿ. ಮುಂದಿನದೆಲ್ಲ ಈ ಕ್ರಮದ ಮೇಲೆ ನಿಂತಿದೆ.

ಕೋಡ್ ಅಳಿಸುವ ಮುನ್ನ

ದೋಷದ ಕೋಡ್ ಒಬ್ಬ ಸಾಕ್ಷಿಯ ಹೆಸರನ್ನಷ್ಟೇ ಕೊಡುತ್ತದೆ, ಅಪರಾಧಿಯ ಹೆಸರನ್ನಲ್ಲ. ಹಿಂಬದಿಯ ನಾಕ್ಸ್ ಸೆನ್ಸರ್ ‘ಇಲ್ಲಿ ನಾಕ್ಸ್ ಹೆಚ್ಚಿದೆ’ ಎಂದರೆ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಬಿಚ್ಚಿ ಹೊಸದು ಹಾಕಿದರೆ ಹೊಸ ಸೆನ್ಸರ್ ಕೂಡ ಅದನ್ನೇ ಹೇಳುತ್ತದೆ.

ಆದ್ದರಿಂದ ಮೊದಲು ಡ್ಯಾಶ್‌ಬೋರ್ಡಿನ ದೀಪ, ಓಡಿದ ಕಿಲೋಮೀಟರ್, ಸ್ಕ್ಯಾನರ್ ಪರದೆಯ ಮೇಲಿನ ಪೂರ್ತಿ ಕೋಡ್ ಇವುಗಳ ಫೋಟೋ ತೆಗೆಯಿರಿ. ‘ಫ್ರೀಜ್ ಫ್ರೇಮ್’ ಇದ್ದರೆ ಅದನ್ನೂ ಬಿಡಬೇಡಿ. ದೋಷ ದಾಖಲಾದ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿಯಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬುದು ಅದರಲ್ಲಿರುತ್ತದೆ. ಕೋಡ್ ಅಳಿಸಿದರೆ ಅದೂ ಹೋಗುತ್ತದೆ.

ಭಾರಿ ವಾಹನಗಳ ಕೋಡ್‌ನಲ್ಲಿ ಎರಡು ಸಂಖ್ಯೆಗಳಿರುತ್ತವೆ. ಎಸ್‌ಪಿಎನ್ ಯಾವ ಭಾಗ ಎನ್ನುತ್ತದೆ, ಎಫ್‌ಎಂಐ ಯಾವ ಬಗೆಯ ದೋಷ ಎನ್ನುತ್ತದೆ. ಎಸ್‌ಪಿಎನ್ 3216 ಮುಂಬದಿಯ ನಾಕ್ಸ್, 3226 ಹಿಂಬದಿಯ ನಾಕ್ಸ್, 4364 ಎಸ್‌ಸಿಆರ್‌ನ ಪರಿವರ್ತನಾ ಸಾಮರ್ಥ್ಯ, 3364 ಯೂರಿಯಾ ದ್ರವದ ಗುಣಮಟ್ಟ, 3251 ಡಿಪಿಎಫ್‌ನ ಎರಡು ಬದಿಯ ಒತ್ತಡದ ವ್ಯತ್ಯಾಸ. ಎಫ್‌ಎಂಐ 3, 4, 5 ಬಂದರೆ ವೋಲ್ಟೇಜು, ವೈರಿಂಗ್ ಕಡೆ ನೋಡಬೇಕು. 9 ಬಂದರೆ ಸೆನ್ಸರ್‌ನಿಂದ ಸಂದೇಶ ಬರುವುದು ನಿಂತಿದೆ. 1 ಅಥವಾ 18 ಬಂದರೆ ಅಳತೆ ಸರಿಯಾಗಿಯೇ ಬರುತ್ತಿದೆ, ಆದರೆ ಇರಬೇಕಾದ ಮಟ್ಟಕ್ಕಿಂತ ಕೆಳಗಿದೆ. ಸಣ್ಣ ವಾಹನಗಳ ಸ್ಕ್ಯಾನರ್‌ನಲ್ಲಿ ಪಿ20ಇಇ ಎಂದು ಬರುವುದೂ ಎಸ್‌ಸಿಆರ್ ಸಾಮರ್ಥ್ಯ ಕುಗ್ಗಿದೆ ಎಂಬುದನ್ನೇ ಹೇಳುತ್ತದೆ. ಎಫ್‌ಎಂಐ ಕೇಳದೆ ಸೆನ್ಸರ್ ಆರ್ಡರ್ ಮಾಡುವವರನ್ನು ನಂಬಬೇಡಿ.

ಆಮೇಲೆ ಚಾಲಕನೊಂದಿಗೆ ಸಮಾಧಾನವಾಗಿ ಮಾತನಾಡಿ. ಗದರಿದರೆ ನಿಜ ಹೊರಬರುವುದಿಲ್ಲ. ಯೂರಿಯಾ ಎಲ್ಲಿ ತುಂಬಿಸಿದ್ದು, ಬಕೆಟ್ಟಿನಿಂದಲೋ ಸೀಲ್ ಇದ್ದ ಡಬ್ಬದಿಂದಲೋ? ಗಣಿಯ ತೂಕದ ಸೇತುವೆಯ ಸಾಲಿನಲ್ಲಿ ಎಂಜಿನ್ ಆರಿಸದೆ ಎಷ್ಟು ಹೊತ್ತು ನಿಲ್ಲುತ್ತದೆ? ಇತ್ತೀಚೆಗೆ ಪ್ರೆಷರ್ ವಾಶ್ ಆಗಿದೆಯೇ? ಟಿಪ್ಪರ್ ಬಾಡಿಗೆ ವೆಲ್ಡಿಂಗ್ ಮಾಡಿಸಿದ್ದಾರೆಯೇ? ಈ ಕೊನೆಯ ಪ್ರಶ್ನೆ ನಮ್ಮ ಕಡೆ ಬಹಳ ಮುಖ್ಯ. ಅದಿರು ಹೊಡೆತಕ್ಕೆ ಸವೆದ ತಗಡಿಗೆ ಪಟ್ಟಿ ಹಾಕಿಸುವಾಗ ಬ್ಯಾಟರಿ ಸಂಪರ್ಕ ತೆಗೆಯದೆ, ಅರ್ಥ್ ಕ್ಲಾಂಪನ್ನು ಚಾಸಿಯ ಇನ್ನೊಂದು ತುದಿಗೆ ಕಚ್ಚಿಸಿ ವೆಲ್ಡ್ ಮಾಡಿದರೆ ಆ ವಿದ್ಯುತ್ತು ಸೆನ್ಸರ್‌ಗಳ ಕಂಟ್ರೋಲ್ ಪೆಟ್ಟಿಗೆಯ ಮೂಲಕ ಹರಿದು ಅದನ್ನು ಸುಡಬಹುದು.

ಯೂರಿಯಾದಿಂದ ಆರಂಭಿಸಿ

ಲಾರಿಗೆ ತುಂಬಿಸುವ ಯೂರಿಯಾ ದ್ರವದ ಹೆಸರು ಡಿಇಎಫ್. ಅದರಲ್ಲಿ ಶೇ 32.5 ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ದ್ರವದಲ್ಲಿ ಯೂರಿಯಾ ಎಷ್ಟಿದೆ ಎಂದು ಅಳೆಯುವ ರಿಫ್ರಾಕ್ಟೊಮೀಟರ್ ಮೇಲೆ ಒಂದು ಹನಿ ಹಾಕಿದರೆ 31.8ರಿಂದ 33.2ರ ನಡುವೆ ತೋರಿಸಬೇಕು. ಕಡಿಮೆಯಿದ್ದರೆ ನೀರು ಬೆರೆತಿದೆ, ಹೆಚ್ಚಿದ್ದರೆ ನೀರು ಆವಿಯಾಗಿದೆ. ಟ್ಯಾಂಕಿನ ಮೇಲ್ಪದರದಲ್ಲಿ ಬಣ್ಣಬಣ್ಣದ ಎಣ್ಣೆ ಜಿಡ್ಡು ತೇಲುತ್ತಿದ್ದರೆ ಡೀಸೆಲ್ ಬಿದ್ದಿದೆ. ಆಗ ಲಾರಿ ಚಾಲೂ ಮಾಡಲೇಬೇಡಿ, ಪಂಪಿನ ರಬ್ಬರ್ ಭಾಗಗಳು ಊದಿಕೊಳ್ಳುತ್ತವೆ.

ರಿಫ್ರಾಕ್ಟೊಮೀಟರ್‌ಗಾಗಲೀ ಟ್ಯಾಂಕಿನೊಳಗಿನ ಸೆನ್ಸರ್‌ಗಾಗಲೀ ಕಾಣದ ಮೋಸವೊಂದಿದೆ. ಸಿಂಧನೂರು, ಗಂಗಾವತಿಯ ಭತ್ತದ ಸೀಮೆಯಲ್ಲಿ ಗೊಬ್ಬರದ ಯೂರಿಯಾ ಚೀಲ ಸುಲಭವಾಗಿ ಕೈಗೆ ಸಿಗುತ್ತದೆ. ಅದನ್ನು ಬೋರ್‌ವೆಲ್ ನೀರಿನಲ್ಲಿ ಕದಡಿ ಡಬ್ಬಕ್ಕೆ ತುಂಬಿದರೆ ಅಳತೆ ಸರಿಯಾಗಿ 32.5 ಎಂದೇ ಬರಬಹುದು. ಆದರೆ ಐಎಸ್‌ಒ 22241 ಮಾನದಂಡದ ಪ್ರಕಾರ ಡಿಇಎಫ್‌ನಲ್ಲಿ ಕ್ಯಾಲ್ಸಿಯಂ ಕಿಲೋಗೆ 0.5 ಮಿಲಿಗ್ರಾಂ ಮೀರಬಾರದು, ಬಯುರೆಟ್ ಎಂಬ ಕಲ್ಮಶ ಶೇ 0.3 ಮೀರಬಾರದು. ನಮ್ಮ ಗಡಸು ನೀರು ಕ್ಯಾಲ್ಸಿಯಂ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತದೆ. ಗೊಬ್ಬರದ ಯೂರಿಯಾಕ್ಕೆ ಬೇವಿನ ಎಣ್ಣೆಯ ಲೇಪನ ಬೇರೆ ಇರುತ್ತದೆ. ಆ ಸುಣ್ಣ, ಸೋಡಿಯಂ, ಎಣ್ಣೆ ಎಲ್ಲ ಎಸ್‌ಸಿಆರ್‌ನ ಒಳಮೈಗೆ ಅಂಟಿಕೊಂಡು ಅದನ್ನು ಕೊಲ್ಲುತ್ತವೆ. ಹೀಗಾದ ಮೇಲೆ ಕಂಪನಿ ವಾರಂಟಿ ನಿರಾಕರಿಸಿದರೆ ಅದನ್ನು ತಪ್ಪು ಎನ್ನಲಾಗದು. ರೈತನಿಗೆ ಹೋಗಬೇಕಾದ ಸಬ್ಸಿಡಿ ಗೊಬ್ಬರವನ್ನು ಹೀಗೆ ಬಳಸುವುದು ಕಾನೂನಿಗೂ ವಿರುದ್ಧ.

ಒಳ್ಳೆಯ ಡಿಇಎಫ್ ಕೂಡ ಬಿಸಿಲಿಗೆ ಕೆಡುತ್ತದೆ. 25 ಡಿಗ್ರಿ ಒಳಗಿಟ್ಟರೆ 18 ತಿಂಗಳು ಬಾಳುವ ದ್ರವ 35 ಡಿಗ್ರಿಯಲ್ಲಿ 6 ತಿಂಗಳಷ್ಟೇ ಬಾಳುತ್ತದೆ. ಬಳ್ಳಾರಿ, ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಡಬ್ಬ ಇಟ್ಟವರು ಇದನ್ನು ನೆನಪಿಡಬೇಕು. ಡಬ್ಬದ ಮೇಲಿನ ತಯಾರಿಕೆಯ ದಿನಾಂಕ ನೋಡಿ ಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ಅನುಮಾನ ಬಂದಾಗ ಟ್ಯಾಂಕಿನಿಂದ ಒಂದು ಶುಚಿಯಾದ ಬಾಟಲಿಗೆ ಮಾದರಿ ತೆಗೆದು, ಸರ್ವೀಸ್ ಸೆಂಟರ್‌ನವರ ಎದುರೇ ಸೀಲ್ ಮಾಡಿ, ದಿನಾಂಕ ಬರೆದು ಎರಡೂ ಕಡೆಯವರು ಸಹಿ ಹಾಕಿ.

ನಾಕ್ಸ್ ಸೆನ್ಸರ್: ಅನಗತ್ಯವಾಗಿ ಬದಲಾಗುವ ಭಾಗ

ಈ ಸೆನ್ಸರ್‌ನ ಸೆರಾಮಿಕ್ ತುದಿ ಸುಮಾರು 800 ಡಿಗ್ರಿಗೆ ಕಾದ ಮೇಲೆ ಮಾತ್ರ ಅಳೆಯುತ್ತದೆ. ಆ ಬಿಸಿಯಲ್ಲಿ ನೀರಿನ ಹನಿ ತಾಗಿದರೆ ತುದಿ ಬಿರುಕು ಬಿಡುತ್ತದೆ. ಅದಕ್ಕಾಗಿಯೇ ಪೈಪಿನೊಳಗಿನ ತೇವ ಪೂರ್ತಿ ಆರುವವರೆಗೆ ಎಂಜಿನ್ ಕಂಪ್ಯೂಟರ್ ಹೀಟರನ್ನು ಚಾಲೂ ಮಾಡುವುದೇ ಇಲ್ಲ. ಬೆಳಗ್ಗೆ ತಣ್ಣನೆಯ ಎಂಜಿನ್‌ನಲ್ಲಿ ‘ಸೆನ್ಸರ್ ಓದುತ್ತಿಲ್ಲ’ ಎಂದು ಸ್ಕ್ಯಾನರ್ ತೋರಿಸಿದರೆ ಅದು ದೋಷವಲ್ಲ. ಲೋಡ್ ಹಾಕಿಕೊಂಡು ಓಡಿಸಿದ ಮೇಲೂ ಓದದಿದ್ದರೆ ಆಗ ಪರೀಕ್ಷೆ ಶುರುವಾಗಲಿ.

ಮೊದಲು ವಿದ್ಯುತ್ತು. ಕೀಲಿ ಆನ್ ಮಾಡಿ ಸೆನ್ಸರ್‌ನ ಕಪ್ಲರ್ ಬಿಚ್ಚಿ ಬ್ಯಾಟರಿಯಷ್ಟೇ ವೋಲ್ಟೇಜು ಬರುತ್ತಿದೆಯೇ, ಅರ್ಥ್ ಗಟ್ಟಿಯಿದೆಯೇ ನೋಡಿ. ಮಲ್ಟಿಮೀಟರ್ ಅಳತೆ ಸಾಲದು. 24 ವೋಲ್ಟಿನ ಒಂದು ಬಲ್ಬ್ ಜೋಡಿಸಿ ಪೂರ್ಣ ಬೆಳಕು ಬರುತ್ತದೆಯೇ ಪರೀಕ್ಷಿಸಿ, ಏಕೆಂದರೆ ಒಂದೇ ಎಳೆಯಲ್ಲಿ ನೇತಾಡುತ್ತಿರುವ ವೈರಿನಲ್ಲೂ ಮೀಟರ್ 24 ತೋರಿಸುತ್ತದೆ, ಹೀಟರ್ ಎಳೆಯುವ ಕರೆಂಟನ್ನು ಮಾತ್ರ ಅದು ತಾಳುವುದಿಲ್ಲ. ಆಮೇಲೆ ಬ್ಯಾಟರಿ ಸಂಪರ್ಕ ತೆಗೆದು ಕಂಪ್ಯೂಟರ್‌ಗೆ ಸಂದೇಶ ಒಯ್ಯುವ ಕ್ಯಾನ್ ಸಂಪರ್ಕದ ಎರಡು ವೈರುಗಳ ನಡುವಿನ ರೋಧ ಅಳೆಯಿರಿ. ಸುಮಾರು 60 ಓಮ್ ಬಂದರೆ ಸರಿ. 120 ಬಂದರೆ ಎಲ್ಲೋ ವೈರ್ ಕಡಿದಿದೆ ಅಥವಾ ಒಂದು ತುದಿಯ ರೆಸಿಸ್ಟರ್ ಇಲ್ಲವಾಗಿದೆ. ಸೊನ್ನೆಯ ಹತ್ತಿರ ಬಂದರೆ ಎರಡೂ ವೈರು ಒಂದಕ್ಕೊಂದು ತಾಗಿವೆ.

ತೋರಣಗಲ್ಲು ದಾರಿಯ ಒಂದು ಟಿಪ್ಪರ್‌ನಲ್ಲಿ ಹಿಂಬದಿಯ ಸೆನ್ಸರ್ ಮತ್ತೆ ಮತ್ತೆ ಬದಲಾದದ್ದನ್ನು ನಾನು ಕಂಡಿದ್ದೇನೆ. ಪ್ರತಿ ಸಲವೂ ಎಫ್‌ಎಂಐ 9. ಚಾಸಿಯ ಒಂದು ಕ್ಲಾಂಪಿನ ಅಂಚಿಗೆ ಹಾರ್ನೆಸ್ (ವೈರುಗಳ ಕಟ್ಟು) ಉಜ್ಜಿ, ಹೊದಿಕೆಯೊಳಗೆ ವೈರಿನ ತಾಮ್ರ ಹೊರಬಂದಿತ್ತು. ಖಾಲಿ ನಿಂತಾಗ ಸರಿ, ಲೋಡ್ ಬಿದ್ದು ಗುಂಡಿಯಲ್ಲಿ ಕುಲುಕಿದಾಗ ಸಂದೇಶ ಬಂದ್. ಟೇಪು, ಹೊಸ ಹೊದಿಕೆ, ಕ್ಲಾಂಪಿಗೆ ರಬ್ಬರ್, ಇಷ್ಟರಲ್ಲಿ ಮುಗಿಯಬೇಕಾದ ಕೆಲಸಕ್ಕೆ ಆ ಮಾಲೀಕರು ಸೆನ್ಸರ್‌ಗಳ ಬೆಲೆಯನ್ನೂ ಕಳೆದುಕೊಂಡ ಬಾಡಿಗೆಯನ್ನೂ ತೆತ್ತರು. ಆದ್ದರಿಂದ ಸೆನ್ಸರ್‌ನಿಂದ ಹಿಡಿದು ಹಾರ್ನೆಸ್ ಹೋಗುವ ದಾರಿಯುದ್ದಕ್ಕೂ ಕೈಯಾಡಿಸಿ. ಕೆಂಪು ಧೂಳು ಮಳೆಯಲ್ಲಿ ನೆನೆದು ಕಪ್ಲರ್‌ನೊಳಗೆ ಹೊಕ್ಕಿದ್ದರೆ ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣುತ್ತದೆ.

ವೈರಿಂಗ್ ಸರಿಯಿದ್ದು, ಅಳತೆಯ ಮೇಲೆ ಅನುಮಾನವಿದ್ದರೆ ಸುಲಭದ ಪರೀಕ್ಷೆಯೊಂದಿದೆ. ಸಂಡೂರಿನ ಗುಡ್ಡದ ಇಳಿಜಾರಿನಂಥ ಜಾಗದಲ್ಲಿ, ಎಂಜಿನ್ ಬಿಸಿಯಾಗಿರುವಾಗ, ಗೇರಿನಲ್ಲಿಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಇಳಿಯಿರಿ. ಆಗ ಡೀಸೆಲ್ ಪೂರೈಕೆ ನಿಲ್ಲುತ್ತದೆ, ಪೈಪಿನಲ್ಲಿ ಬರೀ ಗಾಳಿ. ಎರಡೂ ನಾಕ್ಸ್ ಅಳತೆಗಳು ಕೆಲವೇ ಕ್ಷಣಗಳಲ್ಲಿ ಸೊನ್ನೆಯ ಹತ್ತಿರ ಬರಬೇಕು. ಒಂದು ಇಳಿದು ಇನ್ನೊಂದು ಮೇಲೆಯೇ ಅಂಟಿಕೊಂಡಿದ್ದರೆ ಆ ಸೆನ್ಸರ್ ನಿಜಕ್ಕೂ ಕೆಟ್ಟಿದೆ. ಸ್ಕ್ಯಾನರನ್ನು ಪಕ್ಕದಲ್ಲಿ ಕುಳಿತವರು ಹಿಡಿಯಲಿ, ಚಾಲಕನ ಕಣ್ಣು ರಸ್ತೆಯ ಮೇಲಿರಲಿ. ಪರದೆಯ ವಿಡಿಯೊ ಮಾಡಿಟ್ಟುಕೊಳ್ಳಿ. ವಾರಂಟಿ ಕೇಳುವಾಗ ಇದಕ್ಕಿಂತ ಬಲವಾದ ಪುರಾವೆ ಸಿಗುವುದು ಕಷ್ಟ.

ಹಿಂಬದಿಯ ಅಳತೆ ಮುಂಬದಿಗಿಂತ ಹೆಚ್ಚು ಬಂದರೆ ಗಾಬರಿಯಾಗಬೇಡಿ. ನಾಕ್ಸ್ ಸೆನ್ಸರ್ ಯೂರಿಯಾದಿಂದ ಹುಟ್ಟುವ ಅಮೋನಿಯಾವನ್ನೂ ನಾಕ್ಸ್ ಎಂದೇ ಓದುತ್ತದೆ. ಯೂರಿಯಾ ಅತಿಯಾಗಿ ಸಿಂಪಡಣೆಯಾಗುತ್ತಿದ್ದರೆ, ಇಂಜೆಕ್ಟರ್ ಮುಚ್ಚದೆ ಸೋರುತ್ತಿದ್ದರೆ ಹೀಗಾಗುತ್ತದೆ. ಸೈಲೆನ್ಸರ್ ಬಾಯಿಯಲ್ಲಿ ಮೂಗಿಗೆ ಬಡಿಯುವ ವಾಸನೆ ಇದ್ದರೆ ಅನುಮಾನ ಗಟ್ಟಿಯಾಗುತ್ತದೆ.

ಪಂಪು, ಇಂಜೆಕ್ಟರ್, ಬಿಳಿ ಹರಳು

ಎಂಜಿನ್ ಆರಿಸಿದ ಮೇಲೂ ಒಂದೆರಡು ನಿಮಿಷ ಯೂರಿಯಾ ಪಂಪಿನ ಸದ್ದು ಕೇಳುತ್ತದೆ. ಕೊಳವೆಯಲ್ಲಿ ಉಳಿದ ದ್ರವವನ್ನು ಅದು ಟ್ಯಾಂಕಿಗೆ ಹಿಂದಕ್ಕೆಳೆಯುತ್ತಿರುತ್ತದೆ. ಬ್ಯಾಟರಿ ಅಥವಾ ಡೀಸೆಲ್ ಕಳ್ಳತನದ ಭಯಕ್ಕೆ ನಮ್ಮ ಚಾಲಕರು ಕೀಲಿ ತಿರುಗಿಸಿದ ಕೂಡಲೇ ಮುಖ್ಯ ಸ್ವಿಚ್ ಆಫ್ ಮಾಡುತ್ತಾರೆ. ದ್ರವ ಕೊಳವೆಯಲ್ಲೇ ಉಳಿದು, ನೀರು ಆರಿ, ಬಿಳಿ ಹರಳಾಗಿ ಇಂಜೆಕ್ಟರ್ ಕಟ್ಟಿಕೊಳ್ಳುತ್ತದೆ. ಪಂಪಿನ ಸದ್ದು ನಿಂತ ಮೇಲೆಯೇ ಸ್ವಿಚ್ ಆಫ್ ಮಾಡಬೇಕು ಎಂಬ ಒಂದು ಅಭ್ಯಾಸ ಎಷ್ಟೋ ಇಂಜೆಕ್ಟರ್‌ಗಳನ್ನು ಉಳಿಸುತ್ತದೆ.

ಇಂಜೆಕ್ಟರ್ ಬಿಚ್ಚಿದಾಗ ಹರಳು ಕಂಡರೆ ತಂತಿ ಬ್ರಶ್ಶು, ಸ್ಕ್ರೂಡ್ರೈವರ್ ಬೇಡ. ಬಿಸಿ ಮಾಡಿದ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿಟ್ಟರೆ ಯೂರಿಯಾ ಹರಳು ತಾನೇ ಕರಗುತ್ತದೆ. ಕರಗದೆ ಕಲ್ಲಿನಂತೆ ಉಳಿದದ್ದು ಯೂರಿಯಾ ಅರೆಬೆಂದು ಆದ ಗಟ್ಟಿ. ಖಾಲಿ ಓಟ ಅಥವಾ ದೀರ್ಘ ಐಡ್ಲಿಂಗ್‌ನಿಂದ ಸೈಲೆನ್ಸರ್ ಬಿಸಿಯಾಗದೇ ಇದ್ದದ್ದು ಅದರ ಮೂಲ. ಆಮೇಲೆ ಸ್ಕ್ಯಾನರ್‌ನಲ್ಲಿರುವ ಸಿಂಪಡಣೆ ಪರೀಕ್ಷೆ ನಡೆಸಿ, ಅಳತೆ ಪಾತ್ರೆಯಲ್ಲಿ ಹಿಡಿದು, ಬಂದ ಪ್ರಮಾಣವನ್ನು ನಿಮ್ಮ ಮಾದರಿಯ ಕೈಪಿಡಿಯ ಪ್ರಮಾಣಕ್ಕೆ ಹೋಲಿಸಿ. ಲಾರಿಯ ಡೀಸೆಲ್ ಬಳಕೆಯ ಜೊತೆಗೆ ಯೂರಿಯಾ ಬಳಕೆಯನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರೆ, ಯೂರಿಯಾ ಖರ್ಚು ಇದ್ದಕ್ಕಿದ್ದಂತೆ ಇಳಿದದ್ದು ದೀಪ ಹೊತ್ತುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಡಿಪಿಎಫ್

ಡಿಪಿಎಫ್ ಪದೇ ಪದೇ ಕಟ್ಟಿಕೊಂಡರೆ ಅದನ್ನು ಬಿಚ್ಚಿ ತೊಳೆಸುವ ಮುನ್ನ ಮಸಿ ಎಲ್ಲಿಂದ ಬರುತ್ತಿದೆ ಎಂದು ಕೇಳಿ. ಇಂಟರ್‌ಕೂಲರ್ ಹೋಸ್ ಸೀಳಿರಬಹುದು, ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ಮರಳಿಸುವ ಇಜಿಆರ್ ವಾಲ್ವ್ ತೆರೆದೇ ಉಳಿದಿರಬಹುದು, ಡೀಸೆಲ್ ಇಂಜೆಕ್ಟರ್ ಸೋರುತ್ತಿರಬಹುದು. ಮಸಿ ಸುಡುತ್ತದೆ, ಎಂಜಿನ್ ಆಯಿಲ್‌ನ ಬೂದಿ ಸುಡುವುದಿಲ್ಲ; ಕಡಿಮೆ ಬೂದಿಯ ಬಿಎಸ್‌-6 ಆಯಿಲ್ ಬಿಟ್ಟು ಹಳೆಯ ದರ್ಜೆಯದು ಹಾಕಿದರೆ ಫಿಲ್ಟರ್ ಬೇಗ ತುಂಬುತ್ತದೆ. ತಣ್ಣಗಿರುವಾಗ ಸೈಲೆನ್ಸರ್ ಬಾಯೊಳಗೆ ಬಿಳಿ ಬಟ್ಟೆ ಆಡಿಸಿ: ಕಪ್ಪು ಮಸಿ ಹತ್ತಿದರೆ ಫಿಲ್ಟರ್ ಒಳಗೆ ಒಡೆದಿದೆ.

ನಿಂತಲ್ಲೇ ಮಸಿ ಸುಡಿಸುವ ರೀಜನರೇಶನ್ ಮಾಡುವಾಗ ಒಳಗಿನ ಬಿಸಿ 550 ಡಿಗ್ರಿ ದಾಟುತ್ತದೆ. ರಾಯಚೂರಿನ ಹತ್ತಿ ಮಾರುಕಟ್ಟೆಯ ಆವರಣ, ಮೇವಿನ ಬಣವೆ, ಒಣಹುಲ್ಲಿನ ಬಯಲು ಇವುಗಳ ಹತ್ತಿರ ದಯವಿಟ್ಟು ಮಾಡಬೇಡಿ.

ಎಸ್‌ಸಿಆರ್ ಸೋತಿದೆ ಎಂದು ಹೇಳುವುದು ಯಾವಾಗ

ಎಲ್ಲಕ್ಕಿಂತ ಕೊನೆಗೆ. ದ್ರವ ಸರಿ, ಸಿಂಪಡಣೆ ಸರಿ, ಎರಡೂ ಸೆನ್ಸರ್ ಸರಿ, ಪೈಪಿನಲ್ಲಿ ಸೋರಿಕೆ ಇಲ್ಲ ಎಂದು ಖಚಿತವಾದ ಮೇಲೆ ಲೋಡ್ ಹಾಕಿ ಏರಿನಲ್ಲಿ ಓಡಿಸಿ. ಎಸ್‌ಸಿಆರ್ ಒಳಬಾಗಿಲ ತಾಪ 300 ಡಿಗ್ರಿ ದಾಟಿ ಸ್ಥಿರವಾದಾಗ ಎರಡೂ ನಾಕ್ಸ್ ಅಳತೆಗಳನ್ನು ಬರೆದುಕೊಳ್ಳಿ. ಮುಂದೆ 800, ಹಿಂದೆ 60 ಇದ್ದರೆ ಎಸ್‌ಸಿಆರ್ ಗಟ್ಟಿಮುಟ್ಟಾಗಿದೆ. ಮುಂದೆ 800, ಹಿಂದೆ 400 ಇದ್ದರೆ ಅರ್ಧ ಕೆಲಸವಷ್ಟೇ ಆಗುತ್ತಿದೆ. ಒಮ್ಮೆ ಹೆಚ್ಚಿನ ಬಿಸಿಯ ರೀಜನರೇಶನ್ ಮಾಡಿಸಿ, ಅಂಟಿಕೊಂಡ ಯೂರಿಯಾ ಗಟ್ಟಿ ಸುಟ್ಟುಹೋದ ಮೇಲೆ ಮತ್ತೆ ಅಳೆಯಿರಿ. ಆಗಲೂ ಅಷ್ಟೇ ಬಂದರೆ ಎಸ್‌ಸಿಆರ್ ಕೆಟ್ಟಿದೆ ಎನ್ನಲು ನಿಮ್ಮ ಹತ್ತಿರ ಅಂಕಿಗಳಿವೆ.

ಬಹಳ ಬೆಲೆಬಾಳುವ ಭಾಗ ಇದು. ಇದಕ್ಕೆ ಹೆದರಿ ಕೆಲವರು ‘ಯೂರಿಯಾ ಬೈಪಾಸ್’ ಪೆಟ್ಟಿಗೆ ಹಾಕಿಸುತ್ತಾರೆ. ಅದು ಕಂಪ್ಯೂಟರ್‌ಗೆ ಸುಳ್ಳು ಅಳತೆ ಕೊಡುತ್ತದೆ, ನಾಕ್ಸ್ ಪೂರ್ತಿಯಾಗಿ ಗಾಳಿಗೆ ಹೋಗುತ್ತದೆ. ಅದಿರು ಧೂಳು ಕುಡಿಯುತ್ತಿರುವ ನಮ್ಮ ಊರುಗಳ ಮಕ್ಕಳ ಎದೆಗೆ ಇನ್ನೊಂದು ವಿಷ ಸೇರುತ್ತದೆ. ಮೋಟಾರು ವಾಹನ ಕಾಯ್ದೆಯ 182ಎ(4) ಕಲಮಿನ ಪ್ರಕಾರ ಇಂಥ ಮಾರ್ಪಾಡಿಗೆ ಮಾಲೀಕರಿಗೆ 6 ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ವಾರಂಟಿಯಂತೂ ಅಲ್ಲಿಗೇ ಮುಗಿಯಿತು.

ಭಾಗದ್ದೇ ದೋಷವಾದರೆ

ಅಮೆರಿಕದಲ್ಲಿ 2018ರ ಜುಲೈನಲ್ಲಿ ಎಂಜಿನ್ ತಯಾರಿಸುವ ಕಮಿನ್ಸ್ ಕಂಪನಿ 2010ರಿಂದ 2015ರ ಮಾದರಿಗಳ ಸುಮಾರು 5 ಲಕ್ಷ ಟ್ರಕ್ಕುಗಳ ರೀಕಾಲ್‌ಗೆ, ಅಂದರೆ ವಾಪಸ್ ಕರೆಸಿ ಸರಿಪಡಿಸಲು, ಒಪ್ಪಿತು. ಎಸ್‌ಸಿಆರ್ ನಿಗದಿತ ಆಯುಷ್ಯಕ್ಕಿಂತ ಬೇಗ ಸೋಲುತ್ತಿತ್ತು. ಕ್ಯಾಲಿಫೋರ್ನಿಯಾದ ವಾಯು ಮಂಡಳಿ ರಸ್ತೆಯಲ್ಲಿ ಓಡುತ್ತಿದ್ದ ಲಾರಿಗಳನ್ನೇ ಪರೀಕ್ಷಿಸಿ ಇದನ್ನು ಪತ್ತೆ ಹಚ್ಚಿತ್ತು. ಮೊದಲ ಕಂತಿನ ಕೆಲಸ 2018ರ ಆಗಸ್ಟ್‌ನಲ್ಲಿ, ಉಳಿದವರದ್ದು 2019ರ ಮಾರ್ಚ್‌ನಿಂದ. ಅಂದರೆ 2010ರಲ್ಲಿ ಲಾರಿ ಕೊಂಡವನು ಎಂಟು ವರ್ಷ ಕಾದ. ಅದೇ 2018ರ ಅಕ್ಟೋಬರ್‌ನಲ್ಲಿ ವೋಲ್ವೊ ಕೂಡ ತನ್ನ ಹೊಗೆ ನಿಯಂತ್ರಣದ ಒಂದು ಭಾಗ ನಿರೀಕ್ಷೆಗಿಂತ ಬೇಗ ಸವೆಯುತ್ತಿದೆ ಎಂದು ಪ್ರಕಟಿಸಿ, ನಂತರ 700 ಕೋಟಿ ಸ್ವೀಡಿಷ್ ಕ್ರೋನಾ ತೆಗೆದಿರಿಸಿತು. ದೊಡ್ಡ ಕಂಪನಿಗಳ ಭಾಗಗಳೂ ಕೆಡುತ್ತವೆ. ‘ನಿಮ್ಮ ಚಾಲಕನದ್ದೇ ತಪ್ಪು’ ಎಂಬ ಉತ್ತರ ಕೇಳಿ ಸುಮ್ಮನೆ ಹಿಂತಿರುಗಬೇಡಿ.

ನಿಮ್ಮ ಲಾರಿ ಮಾಲೀಕರ ಸಂಘದಲ್ಲಿ ಕೇಳಿ: ಅದೇ ಮಾದರಿ, ಹತ್ತಿರದ ತಯಾರಿಕಾ ತಿಂಗಳು, ಅದೇ ಎಸ್‌ಪಿಎನ್ ಬೇರೆ ಯಾರಿಗಾದರೂ ಬಂದಿದೆಯೇ? ಬಂದಿದ್ದರೆ ಎಲ್ಲರ ಜಾಬ್ ಕಾರ್ಡುಗಳನ್ನು ಒಟ್ಟುಗೂಡಿಸಿ. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಮು, ಪರಿಸರಕ್ಕೆ ಹಾನಿ ಮಾಡುವ ದೋಷವನ್ನೂ ರೀಕಾಲ್‌ಗೆ ಕಾರಣವೆಂದು ಹೆಸರಿಸಿದೆ. ಹೊಗೆ ಭಾಗಗಳ ದೋಷಕ್ಕೆ ಇದು ನೇರವಾಗಿ ಅನ್ವಯವಾಗುತ್ತದೆ. ಕಡ್ಡಾಯ ರೀಕಾಲ್‌ನ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಏಳು ವರ್ಷ ಮೀರದ ವಾಹನಗಳಿಗೆ ಅನ್ವಯ. ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ದೂರುಗಳ ಸಂಖ್ಯೆ ಒಂದು ಪ್ರಮಾಣ ಮುಟ್ಟಿದರೆ ಈ ಯಂತ್ರ ಚಲಿಸುತ್ತದೆ. ಹಾಗಾಗಿ ಒಬ್ಬೊಬ್ಬರೂ ಸಾರಿಗೆ ಸಚಿವಾಲಯದ ರೀಕಾಲ್ ಪೋರ್ಟಲ್‌ನಲ್ಲಿ ದೂರು ದಾಖಲಿಸಲೇಬೇಕು. 2020ರಲ್ಲಿ ಕೊಂಡ ಲಾರಿಗೆ 2027ರಲ್ಲಿ ಏಳು ವರ್ಷ ತುಂಬುತ್ತದೆ, ಕಾಯುತ್ತ ಕೂರುವ ಹೊತ್ತು ಇದಲ್ಲ.

ವಾರಂಟಿ ಕೇಳುವಾಗ ಜಾಬ್ ಕಾರ್ಡಿನಲ್ಲಿ ‘ಜನರಲ್ ಚೆಕಪ್’ ಎಂದು ಬರೆಯಲು ಬಿಡಬೇಡಿ. ಕೋಡ್, ಕಿಲೋಮೀಟರ್, ಲಾರಿ ಒಳಗೆ ಬಂದ ದಿನಾಂಕ, ನೀವು ಹೇಳಿದ ದೂರು ಇದ್ದ ಹಾಗೆಯೇ ಬರೆಸಿ. ‘ಪಾರ್ಟ್ ಬರಬೇಕು’ ಎಂದರೆ ಆರ್ಡರ್ ಮಾಡಿದ ದಿನಾಂಕವನ್ನು ಲಿಖಿತವಾಗಿ ಕೇಳಿ. ವಾರಂಟಿ ನಿರಾಕರಿಸಿದರೆ ಕಾರಣವೂ ಲಿಖಿತವಾಗಿಯೇ ಬರಲಿ. ನಾಕ್ಸ್ ಸೆನ್ಸರ್‌ನಂಥ ಭಾಗಕ್ಕೆ ಇಡೀ ಲಾರಿಗಿಂತ ಬೇರೆ ವಾರಂಟಿ ಅವಧಿ ಇದೆಯೇ ಎಂದು ಪುಸ್ತಿಕೆಯಲ್ಲಿ ಮೊದಲೇ ಓದಿಕೊಳ್ಳಿ. ಹಣ ಕೊಟ್ಟು ಬದಲಿಸಿದರೆ ಹಳೆಯ ಭಾಗ ನಿಮ್ಮದು, ಕೇಳಿ ಪಡೆಯಿರಿ.

ಅಲ್ಲಿಯೂ ನ್ಯಾಯ ಸಿಗದಿದ್ದರೆ ಗ್ರಾಹಕ ಆಯೋಗ ಇದೆ. ಲಾರಿ ವಾಣಿಜ್ಯ ವಾಹನ, ಗ್ರಾಹಕ ಕಾನೂನು ಅನ್ವಯಿಸದು ಎಂದು ಹೆದರಿಸುವವರಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಮಾತ್ರ ಕೊಂಡ ವಸ್ತುವನ್ನು ವಾಣಿಜ್ಯ ಉದ್ದೇಶದಿಂದ ಹೊರಗಿಟ್ಟಿದೆ. ಒಂದು ಲಾರಿ ಇಟ್ಟುಕೊಂಡು ಅದರಿಂದಲೇ ಬದುಕುವವರು ಇದರೊಳಗೆ ಬರುತ್ತಾರೆ. ಹತ್ತಾರು ಲಾರಿಗಳ ಮಾಲೀಕರಿಗೆ ಸಿವಿಲ್ ನ್ಯಾಯಾಲಯವೇ ದಾರಿ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗ, ಮೀರಿದರೆ ರಾಜ್ಯ ಆಯೋಗ. ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಸಲ್ಲಿಸಬೇಕು. ಕಂಪನಿಯ ಕಚೇರಿ ಎಲ್ಲೇ ಇರಲಿ, ನೀವು ವಾಸಿಸುವ ಜಿಲ್ಲೆಯಲ್ಲೇ, ಬಳ್ಳಾರಿಯಲ್ಲೋ ರಾಯಚೂರಿನಲ್ಲೋ ಕೊಪ್ಪಳದಲ್ಲೋ, ಅರ್ಜಿ ಹಾಕಬಹುದು. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅರ್ಜಿಯಲ್ಲಿಯೇ, ಬಿಚ್ಚಿದ ಭಾಗವನ್ನೂ ಸೀಲ್ ಮಾಡಿದ ಯೂರಿಯಾ ಬಾಟಲಿಯನ್ನೂ ಪ್ರಯೋಗಾಲಯಕ್ಕೆ ಕಳುಹಿಸುವಂತೆ 38ನೇ ಕಲಮಿನಡಿ ಕೋರಿಕೊಳ್ಳಿ. ಆ ವರದಿ ಬರುವವರೆಗೆ ಹಳೆಯ ಭಾಗವನ್ನು ಗುಜರಿಗೆ ಕೊಡಬೇಡಿ.